ನಟ್ಟು

ನಾಗದೇವಿ ಸ್ಟ್ರೀಟಿನ ಮೂರನೇ ಅಂಗಡಿಯಲ್ಲೂ ಅದೇ ಆಯಿತು.
ಗಿಟಾರಿಗೆ ಲಾಕಿಂಗ್ ನಟ್ಟು ಬೇಕು, ಅಂದೆ.
ಒಳಗೆ ನೀಲಿ ನೈಲಾನ್ ಬಳೆ ತೊಟ್ಟ
ಆರು ಮೂಲೆಯ ನಟ್ಟುಗಳನ್ನು ಬೊಗಸೆ ತುಂಬ ತಕ್ಕಡಿಗೆ ಸುರಿದು
ಲಾಕಿಂಗ್ ಅಂದರೆ ಇದೇ ಸೇಠ್, ಎಷ್ಟು ಕಿಲೋ? ಅಂದ.

ನನಗೆ ಬೇಕಾದದ್ದು ಒಂದು.
ಬೋಲ್ಟು ಹುಡುಕಿ ಗಂಟು ಹಾಕುವ ನಟ್ಟಲ್ಲ ಅದು,
ಗಿಟಾರಿನ ಕತ್ತಿನ ತುದಿಗೆ ಅಡ್ಡ ಕೂತು
ತಂತಿಗಳನ್ನು ಎರಡೆರಡಾಗಿ ಮೂರು ಪಟ್ಟಿಯಡಿ ಅದುಮಿ
ಇಲ್ಲಿಂದಾಚೆ ಜಾರಕೂಡದು ಎನ್ನುವ
ಉಕ್ಕಿನ ಹೊಸ್ತಿಲು.
ಗಾಳಿಯಲ್ಲಿ ಬರೆದು ತೋರಿಸಿದೆ.
ಅವನು ನನ್ನ ಬೆರಳನ್ನೇ ನೋಡಿದ, ಕಣ್ಣು ನಟ್ಟು.
ನಮ್ಮಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವುಂಟು
ಎಂದು ಅವನಿಗೆ ಹೇಳಿ ಏನು ಪ್ರಯೋಜನ.

ಗಿಟಾರು ಎವರಿಸ್ಟನದು.
ಹಡಗಿನಲ್ಲಿ ಅಡುಗೆಗಿದ್ದ ಭಾವ ಎಂಬತ್ತೆಂಟರಲ್ಲಿ
ಕೋಬೆ ಬಂದರಿನಿಂದ ತಂದುಕೊಟ್ಟದ್ದು.
ತಲೆಯ ಮೇಲಿನ ಹೆಸರು ಬೆವರಿಗೆ ಅಳಿಸಿ
ಈಗ ಉಳಿದಿರುವುದು ಅರ್ಧ ಅಕ್ಷರ.
ಗ್ರಾಂಟ್ ರೋಡಿನ ಜಾರಪ್ಪ ಮಾವನ ಬಾರಿನಲ್ಲಿ
ಆಗ ಆರ್ಕೆಸ್ಟ್ರಾ ಇತ್ತು.
ರಾತ್ರಿ ಒಂದೂವರೆಗೆ ಶಟರು ಅರ್ಧ ಎಳೆದ ಮೇಲೆ
ಪ್ಲಗ್ ಕಿತ್ತು ಅವನು ತನಗಾಗಿ ಬಾರಿಸುತ್ತಿದ್ದ.
ಕರೆಂಟಿಲ್ಲದ ಎಲೆಕ್ಟ್ರಿಕ್ ಗಿಟಾರು
ಎಷ್ಟು ಮೆಲ್ಲಗೆ ಮಾತಾಡುತ್ತದೆ ಅಂತ
ನಾನು ತಿಳಿದದ್ದು ಹಾಗೆ, ಗ್ಲಾಸು ಒರೆಸುತ್ತಾ.

ಬಾಕಿ ಸಾವಿರದ ನೂರ ನಲವತ್ತು.
ಕಪ್ಪು ಪೆಟ್ಟಿಗೆಯನ್ನು ಕೌಂಟರಿನ ಹಿಂದೆ ಇಟ್ಟು
ಸೋಮವಾರ, ಅಂದ.
ಮಾವ ಖಾತೆ ಪುಸ್ತಕದಲ್ಲಿ ಹಾಗೇ ಬರೆದರು: ಸೋಮವಾರ.
ತಾರೀಖು ಬರೆಯಲಿಲ್ಲ.

ಈಗ ಶ್ರುತಿ ನಿಲ್ಲುವುದಿಲ್ಲ.
ಮೂರನೇ ತಂತಿ ತನ್ನ ಕಾಲುವೆಯನ್ನು ತಾನೇ ಕೊರೆದುಕೊಂಡು
ಒಮ್ಮೆ ಎಳೆದರೆ ಇಳಿಯುತ್ತದೆ,
ವಿರಾರ್ ಫಾಸ್ಟಿನಲ್ಲಿ ನಿದ್ದೆಹೋದವನ ತಲೆಯ ಹಾಗೆ
ಪಕ್ಕದವನ ಹೆಗಲ ಕಡೆಗೆ, ಚೂರು ಚೂರೇ.

ವರ್ನಿಯರ್ ಹಿಡಿದು ನೋಡಿದೆ. ನಲವತ್ತೊಂದು ಮಿಲಿಮೀಟರ್.
ಅಂಗಡಿಗಳಲ್ಲಿ ನಲವತ್ತೆರಡಿದೆ, ನಲವತ್ತಮೂರಿದೆ.
ಅಗಲ ಹತ್ತಿರ ಬಂದರೆ ತೂತು ಹೊಂದದು,
ತೂತು ಹೊಂದಿದರೆ ಬೆನ್ನಿನ ಬಾಗು ಬೇರೆ,
ಜಾತಕ ಹಿಡಿದು ತಿರುಗುವ ಹೆಣ್ಣಿನ ತಂದೆಯಾದೆ.
ಅಂಕಲ್, ಹೊಸದೇ ತಗೊಳ್ಳಿ, ಇಎಂಐ ಇದೆ
ಎಂದ ದಾದರಿನ ಹುಡುಗ, ಕೆಟ್ಟವನೇನಲ್ಲ,
ನಲವತ್ತೆರಡರದ್ದನ್ನು ಹಾಕಿ ನೋಡಲಿಕ್ಕೆ ಕೊಟ್ಟ.

ಸಾಕಿನಾಕಾದ ಗಾಲೆಯಲ್ಲಿ ಪಾಂಚಾಲ್
ಆ ನಟ್ಟನ್ನೂ ಈ ಕತ್ತನ್ನೂ ಹೆಬ್ಬೆರಳಲ್ಲಿ ಸವರಿ,
ಮರ ಕೆತ್ತಬೇಡ, ಮರ ಮುದುಕ.
ಉಕ್ಕು ಹೊಸದು, ಅದು ಸವೆಯಲಿ, ಅಂದ.
ಗ್ರೈಂಡರಿಗೆ ಕೊಟ್ಟು, ಎಡಕ್ಕೆ ಅರ್ಧ, ಬಲಕ್ಕೆ ಅರ್ಧ.
ಕಿಡಿ ಹಾರಿ ನನ್ನ ಚಪ್ಪಲಿಯ ಮೇಲೆ ಆರಿದವು.

ಕೂರಿಸಿದರೆ ಎತ್ತರ ಸಾಲದು,
ತಂತಿಗಳು ಮೊದಲ ಮನೆಗೇ ತಾಗಿ ಗುಂಯ್‌ಗುಟ್ಟಿದವು.
ಖಾತೆಯ ಆ ಹಾಳೆ ಕಿಸೆಯಲ್ಲಿತ್ತು,
ನಾಲ್ಕು ಮಡಿಕೆ ಮಾಡಿ ಮುಂದಿಟ್ಟೆ,
ಇದನ್ನೇ ಅಡಿಗೆ ಕೊಡು ಅಂತ.
ನನಗದು ಎಷ್ಟೋ ಚಂದ ಕಂಡಿತ್ತು.
ಕಾಗದ ಅದುಮಿಕೊಳ್ಳುತ್ತೆ ಭಾಯಿ, ಸ್ವರ ನುಂಗುತ್ತೆ,
ಎಂದು ಹಾಳೆಯನ್ನು ಬಿಡಿಸಿಯೂ ನೋಡದೆ ವಾಪಸು ತಳ್ಳಿ
ಹಿತ್ತಾಳೆಯ ತಗಡು ಕತ್ತರಿಸಿದ.
ನೂರಿಪ್ಪತ್ತು ರೂಪಾಯಿ. ಚಹಾ ಅವನದೇ.

ಬಿಗಿಯುವ ಮೊದಲೇ ಶ್ರುತಿ ಮಾಡಿಕೊಳ್ಳಬೇಕು.
ಬಿಗಿದ ಮೇಲೆ ತುದಿಯ ಬಿರಡೆಗಳನ್ನು
ಎಷ್ಟು ತಿರುಗಿಸಿದರೂ ತಂತಿಗೆ ಕೇಳಿಸುವುದಿಲ್ಲ.
ಒಂದನೇ ತಂತಿ ಈಗ ಅಂಚಿಗೆ ಬಂದಿದೆ,
ಫುಟ್‌ಪಾತಿಲ್ಲದ ರಸ್ತೆಯಲ್ಲಿ ಚರಂಡಿಯ ಕಲ್ಲಿನ ಮೇಲೆ
ನಡೆಯುವವರ ಹಾಗೆ. ಬೀಳುವುದಿಲ್ಲ.
ನನಗೆ ಬರುವುದು ಮೂರು ಕಾರ್ಡು,
ಮೂರನೆಯದರಲ್ಲಿ ಕಿರುಬೆರಳು ಮುಟ್ಟುವುದಿಲ್ಲ.
ಬಾರು ಈಗ ಫ್ಯಾಮಿಲಿ ರೆಸ್ಟೋರೆಂಟು. ಶಟರು ಅರ್ಧ ಎಳೆದು
ಪ್ಲಗ್ ಹಾಕದೆ ಬಾರಿಸಿದೆ. ನಿಂತಿತು.

ಹಾಳೆಯನ್ನು ಖಾತೆಗೇ ಸೇರಿಸಿ
ಆಲನ್ ಕೀಲಿಯನ್ನು ಪೆಟ್ಟಿಗೆಯ ಹಿಡಿಗೆ ದಾರದಲ್ಲಿ ಕಟ್ಟಿದ್ದೇನೆ.
ಬಂದರೆ, ಮೊದಲು ಅದನ್ನೇ ಕೇಳುತ್ತಾನೆ ಅವನು.
ಇವತ್ತು ಗುರುವಾರ.