ಮಾರ್ನಮಿ ಎಡೆ

"ಇದ್ಯಾವ ಪ್ರಾಣಿ ಬೆರಳೇ, ಸಣ್ಣಮ್ಮಿ?"
ಚೀಲ ಬಿಚ್ಚುತ್ತಲೇ ದೊಡ್ಡತ್ತೆ ಕೇಳಿದಳು.
ಸಾಸೇಜು, ಅತ್ತೆ. ಮೈಸೂರಿಂದ
ಮಂಜುಗಡ್ಡೆ ಸುತ್ತಿ ತೊಡೆ ಮೇಲಿಟ್ಟುಕೊಂಡು ಬಂದೆ,
ಪಾಂಡವಪುರ ಬರುವಷ್ಟರಲ್ಲಿ ಕಾಲು ಮರಗಟ್ಟಿತು.

ಹಿತ್ತಲಾಚೆ ಹುಚ್ಚೆಳ್ಳು ಹಳದಿಗಟ್ಟಿದೆ.
ಇವತ್ತು ಅಪ್ಪನಿಗೆ ಎಡೆ.

ಹದಿನೇಳು ವರ್ಷ ಯಾದವಗಿರಿಯಲ್ಲಿ
ಜರ್ಮನ್ ಇಂಜಿನಿಯರನ ಒಲೆ ಕಾದವನು:
ಜಾಡಿಯಲ್ಲಿ ಕೋಸು ಹುಳಿ ಬರಿಸಿ,
ಕೊಚ್ಚಿದ ಹಂದಿಮಾಂಸ ಕರುಳಿಗೆ ತುಂಬಿ
ಗೇಣಿಗೊಂದು ಗಂಟು ಹಾಕಿ.
ಅವರ ಮಾತಲ್ಲಿ ಕಲಿತದ್ದು ಒಂದೇ: ಗೂಟ್.
ಚೆನ್ನಾಗಿದೆ ಅಂತ.
"ಎಮ್ಮೆ ಕಟ್ಟೋ ಗೂಟವಾ?" ಎಂದು ಅವ್ವ
ಸಾಯೋವರೆಗೂ ನಕ್ಕಳು.

ಸೌದೆ ಒಲೆ, ಕಬ್ಬಿಣದ ಬಾಣಲೆ.
ಈರುಳ್ಳಿ, ಆಲೂಗೆಡ್ಡೆ, ಕೋಸು, ಅರೆದ ಸಾಸಿವೆ;
ಸಾಸೇಜು ಚಟಗುಟ್ಟಿ ಬಿರಿದಾಗ
ಕೊಬ್ಬಿಳಿದು ಕೋಸೆಲ್ಲ ಹೊಳೆಯಿತು.
ದೊಡ್ಡತ್ತೆ ಬಂದು ಖಾರದಪುಡಿ ಉದುರಿಸಿದಳು
ನಾನು ನೋಡದ ಹಾಗೆ.
ನೋಡಿದೆ.

ಬಾಳೆಯೆಲೆಗೆ ಮುದ್ದೆ, ಪಕ್ಕದಲ್ಲಿ ಇದು.
ಹೆಂಚಿನಿಂದ ಕಾಗೆ ಇಳಿದು, ಕತ್ತು ಕೊಂಕಿಸಿ ನೋಡಿ,
ಒಂದು ತುತ್ತು ಮುದ್ದೆ ಕಚ್ಚಿ ಹಾರಿತು.

"ಬದುಕಿದ್ದಾಗ್ಲೂ ಅಂಗೇ ಕಣೇ ನನ್ನ ತಮ್ಮ.
ಮಾಡೋದು ಅವರಿಗೆ,
ತಿನ್ನೋದು ಮುದ್ದೆ ಉಪ್ಸಾರು."
ಎಂದವಳೇ ಕೂತು ಒಂದು ತುಂಡು ಮುರಿದು
ಹಲ್ಲಿರುವ ಕಡೆಗೆ ಹೊರಳಿಸಿ ಅಗಿದಳು.
"ಗೂಟ," ಎಂದಳು,
ಇನ್ನೊಂದಕ್ಕೆ ಕೈ ಚಾಚಿದಳು.