ಮೇಲಿನದು, ಕೆಳಗಿನದು

ನೂರಾ ಅರವತ್ತೆರಡು, ತೊಂಬತ್ತೆಂಟು.
ಯಾಸ್ನಾ ಬರೆದುಕೊಳ್ಳುತ್ತಾಳೆ, ಮುಖ ಎತ್ತದೆ.
ಮೇಲಿನದು ಇಳಿಯಬೇಕು ದೋನ್ ಎಲಾದಿಯೋ,
ಕೆಳಗಿನದೂ ಇಳಿಯಬೇಕು.

ನಗು ಬಂತು ನನಗೆ.
ವಾಲ್ಪರೈಸೋದ ಗುಡ್ಡಕ್ಕೆ ಒರಗಿದ ಹಳಿಯ ಮೇಲೆ
ನಲವತ್ತೊಂದು ವರ್ಷ ಡಬ್ಬಿ ಎಳೆದವನು ನಾನು.
ಒಂದೇ ಹಗ್ಗಕ್ಕೆ ಎರಡು ಡಬ್ಬಿ:
ಮೇಲಿನದು ಇಳಿದರೆ ಕೆಳಗಿನದು ಏರಲೇಬೇಕು.
ಎರಡೂ ಒಟ್ಟಿಗೆ ಇಳಿದ ದಿನ
ಪೇಪರಿನಲ್ಲಿ ಬರುತ್ತದೆ, ಫೋಟೋ ಸಮೇತ.

ಗುರುವಾರ ಹತ್ತಕ್ಕೆ, ಲಸಿಕೆ ಕೋಣೆಯಲ್ಲಿ ಏಳು ಕುರ್ಚಿ.
ಬೈಪಾಸಾದ ಮೀನಂಗಡಿಯ ಓರ್ಫೆಲಿನಾ,
ಪೇಸ್‌ಮೇಕರಿನ ಮೇಷ್ಟ್ರು ಬೆಲಿಸಾರಿಯೋ,
ಎರಡು ಸ್ಟೆಂಟಿನ ನಾನು.
ಉಸಿರನ್ನು ದೂಡಬೇಡಿ, ಅನ್ನುತ್ತಾಳೆ,
ಬಂದದ್ದನ್ನು ಬಂತು ಅನ್ನಿ, ಹೋದದ್ದನ್ನು ಹೋಯಿತು ಅನ್ನಿ.
ನನಗೆ ಬಂದದ್ದು ಗ್ಯಾಸಿನ ಬಿಲ್ಲು,
ಅಳಿಯನ ಬೈಕು,
ಉಪ್ಪಿಲ್ಲದ ಸೂಪಿನ ಮೇಲಿನ ಸಿಟ್ಟು.
ಹೋದದ್ದು ಯಾವುದೂ ಇಲ್ಲ.

ಮೂರನೆಯ ವಾರ ಒಂದೊಂದು ಒಣದ್ರಾಕ್ಷಿ ಕೊಟ್ಟಳು,
ಐದು ನಿಮಿಷ ಬಾಯಲ್ಲೇ ಇರಲಿ ಎಂದು.
ಓರ್ಫೆಲಿನಾ ನುಂಗಿ, ಇನ್ನೊಂದು ಕೇಳಿದಳು.

ಐದನೆಯ ವಾರ ಮನಸ್ಸಿನಲ್ಲೇ ಮೈ ತಡಕುವ ಪಾಠ.
ಕಾಲ್ಬೆರಳಿಂದ ಶುರು. ಮಂಡಿ, ಸೊಂಟ.
ಎದೆಯ ಹತ್ತಿರ ಎಲ್ಲರೂ ಬೇಗ ಬೇಗ ನಡೆದೆವು,
ನಾಯಿ ಕಟ್ಟಿದ ಮನೆಯ ಮುಂದೆ ನಡೆದ ಹಾಗೆ.
ಈಗ ಬಲಗೈ, ಅಂದಳು.
ಹುಡುಕಿದೆ. ಮುಷ್ಟಿ ಬಿಗಿದಿತ್ತು.
ಕೆಲಸ ಬಿಟ್ಟು ನಾಲ್ಕು ವರ್ಷ,
ಬ್ರೇಕಿನ ಹಿಡಿಕೆ ಗುಜರಿಗೆ ಹೋಗಿ ಎರಡು,
ನಾನಿನ್ನೂ ಹಿಡಿದೇ ಇದ್ದೆ.

ಭೂಮಿ ಕದಲಿದ ಆ ರಾತ್ರಿ
ನಡು ಹಳಿಯಲ್ಲಿ ನಿಂತ ಡಬ್ಬಿಯೊಳಗೆ ಹನ್ನೊಂದು ಜನ.
ದೀಪವಿಲ್ಲ. ಯಾರದೋ ಮಗು ಎಣಿಸುತ್ತಿತ್ತು ನೂರರವರೆಗೆ,
ಮತ್ತೆ ಒಂದರಿಂದ.
ಬೆಳಕು ಹರಿಯುವ ತನಕ ಹಿಡಿಕೆ ಬಿಡಲಿಲ್ಲ ನಾನು.
ಎಲ್ಲರೂ ಇಳಿದರು, ಮನೆಗೆ ಹೋದರು.
ಕೈಗೆ ಮಾತ್ರ ಯಾರೂ ಹೇಳಿರಲಿಲ್ಲ.

ಒಂದು ಬೆರಳು ಬಿಟ್ಟೆ. ಇನ್ನೊಂದು.
ಹೆಬ್ಬೆರಳು ಒಪ್ಪಲಿಲ್ಲ, ಇರಲಿ.
ಉಸಿರು ಬಂತು. ಬಂತು ಅಂದೆ.

ಎಂಟನೆಯ ವಾರ. ಪಟ್ಟಿ ತೋಳನ್ನು ಹಿಸುಕಿ
ಸುಯ್ಯೆಂದು ಬಿಡುತ್ತದೆ:
ನೂರಾ ನಲವತ್ತಾರು, ತೊಂಬತ್ತು.
ಎರಡೂ ಒಟ್ಟಿಗೆ ಇಳಿದಿವೆ,
ಪೇಪರಿನವರಿಗೆ ಸುದ್ದಿಯಿಲ್ಲ.
ಮಾತ್ರೆ ಬಿಡಬೇಡಿ, ಯಾಸ್ನಾ ಬೆರಳು ಎತ್ತುತ್ತಾಳೆ.
ಬಿಡುವುದಿಲ್ಲ ತಾಯಿ.

ಹೊರಗೆ ನಮ್ಮ ಬೀದಿಯ ಮೆಟ್ಟಿಲು, ನೂರಾ ಹದಿನಾಲ್ಕು.
ಮೂವತ್ತಕ್ಕೊಮ್ಮೆ ಕೂರುತ್ತೇನೆ.
ಬೆಕ್ಕೊಂದು ಬಂದು ಪಕ್ಕದಲ್ಲಿ ಕೂರುತ್ತದೆ,
ಅದಕ್ಕೂ ಏನೋ ತೊಂದರೆ ಇರಬೇಕು.
ಕಂಬಿ ಹಿಡಿಯದೆ ಹತ್ತು ಮೆಟ್ಟಿಲು ಹತ್ತುತ್ತೇನೆ,
ಆಮೇಲೆ ಹಿಡಿದು.