ಗೂಡ್ಸ್ ಗಾಡಿ ನಿಂತಂಗ

ಮೊದಲ ಸಲ ನಾ ಪ್ರಾಣಿ ಆದದ್ದು ಸಿನಿಮಾಕ್ಕಲ್ಲ,
ಹರಕೀಗೆ.
ಏಳು ವರ್ಷದಾಂವಗ ಜ್ವರಾ ಇಳೀಲಿಲ್ಲಂತ
ಅವ್ವ ಅಲಾಯಿ ದೇವ್ರ ಮುಂದ ಬೇಡಿಕೊಂಡಿದ್ಳು:
ಉಳದ್ರ ಹುಲಿ ಕುಣಿಸ್ತೀನಿ, ಹೆಸರೂ ನಿಂದೇ ಇಡ್ತೀನಿ.
ಉಳದೆ.
ಸಾಲ್ಯಾಗಿನ ಹೆಸರು ಬ್ಯಾರೆ ಇತ್ತು, ಈಗ ಮರತೀನಿ.
ಹಳದಿ ಬಣ್ಣ ಬಿಗದು ಚರ್ಮ ಚುರುಗುಟ್ಟಲತ್ತಿತ್ತು,
ಮೂರು ದಿನ ವಾಡಿ ಓಣ್ಯಾಗ ಕುಣದೆ.
ಎಲ್ಲಾರೂ ಅಂದ್ರು: ನೋಡ್ರಿ, ನಮ್ಮ ಹುಸೇನಪ್ಪ.

ಈಗ ಹೈದರಾಬಾದಿನ ಸ್ಟುಡಿಯೋದಾಗ
ನಾ ಬೆನ್ನ ತುಂಬ ಮುಳ್ಳಿರೋ ಕೆಸರಿನ ಭೂತ.
ಒಂದು ಸಲ ಎರಡು ತಲೀ ಹಲ್ಲಿ, ಎಡದ ತಲಿ ನಂದು.
ಒಂದು ಸಲ ರೆಕ್ಕಿ ಇರೋ ಆನಿಯ ಹಿಂದಿನ ಅರ್ಧ.
ಮುಂದಿನ ಅರ್ಧ ಕರ್ನೂಲಿನಾಂವ,
ಒಳಗೇ ಬೀಡಿ ಸೇದ್ತಿದ್ದ, ಹೊಗಿ ನನಗ.

ಆರಡಿ ಐದಿಂಚು. ಶಹಾಬಾದ ಪರಸಿ ಹೊತ್ತ ಹೆಗಲು.
ಅದಕ್ಕೇ ಕರದಾರ, ಮಾರಿಗಲ್ಲ.

ಸೂಟು ಇಪ್ಪತ್ತೆರಡು ಕಿಲೋ.
ಕಣ್ಣಿನ ತೂತು ಕಣ್ಣಾಗಿಲ್ಲ, ಗಂಟಲ್ದಾಗ ಅದಾವ.
ಹೀರೋನ ಮಾರಿ ಕಾಣಂಗಿಲ್ಲ,
ಅವನ ಬೆಲ್ಟಿನ ಬಕಲ್ ಕಾಣ್ತದ,
ಕೊಲ್ಲಲಾಕ ಬರೋ ಬಕಲ್.
'ಸಿಟ್ಟಿಲೆ ನೋಡು' ಅಂತಾನ ಡೈರೆಕ್ಟರ್.
ಹುಬ್ಬಿನ್ಯಾಗ ಮೋಟಾರದ,
ರಿಮೋಟ್ ಬ್ಯಾರೆ ಹುಡುಗನ ಕೈಯಾಗ.
ಒಂದಿನ ಅವನ ಮನ್ಯಾಗ ಜಗಳಾಗಿತ್ತಂತ,
ಆವತ್ತಿನ ಶಾಟ್ ಭಾಳ ಛಲೋ ಬಂತು.
ದನಿ ಒಂಟೀದೂ ಹಂದೀದೂ ಕಲಸಿದ್ದು.
ಸಂಜೀಕ ಬೂಟು ಕಳದ್ರ ಡ್ರೆಸ್ಸಿನ ಹುಡುಗ
ಬೋರಲ ಮಾಡಿ ಸುರೀತಾನ,
ಅರ್ಧ ತಂಬಿಗಿ ಬೆವರು. ಅದು ನಂದು.

ಅದು, ಮತ್ತ ಸಾವು.

ಕುದುರಿ ಹೆಂಗ ಸಾಯ್ತದ, ಹಾವು ಹೆಂಗ ಸಾಯ್ತದ,
ಫೈಟ್ ಮಾಸ್ತರ ಎಲ್ಲಾ ತೋರಿಸಿದ್ದ. ಬರಲಿಲ್ಲ ನನಗ.
ಒಂಬತ್ತು ಟೇಕು. ಬಿದ್ದಾಗೆಲ್ಲಾ ಚೀಲ ಬಿದ್ದಂಗ.
ಹತ್ತನೇದಕ ಕಣ್ಣು ಮುಚ್ಚಿದೆ, ಯಾರಿಗೆ ಕಾಣ್ತದ?
ವಾಡಿ ಯಾರ್ಡಿನ್ಯಾಗ ಸಿಮೆಂಟಿನ ಗೂಡ್ಸ್ ಬರ್ಲತ್ತಿತ್ತು.
ಇಂಜಿನ್ ಮೊದಲ ನಿಲ್ತದ.
ಸುದ್ದಿ ಹಿಂದಕ ಮುಟ್ಟಬೇಕಲ್ಲ,
ಧಡ್, ಧಡ್, ಧಡ್, ಡಬ್ಬಿಯಿಂದ ಡಬ್ಬಿಗೆ,
ಐವತ್ತೆಂಟನೇ ಡಬ್ಬಿಗೆ ತಿಳಿಯೋತನಕ
ಗಾಡಿ ಪೂರ್ತಿ ನಿಂತಿಲ್ಲ.
ನಾನೂ ಹಂಗೇ ಬಿದ್ದೆ: ಕುತ್ತಿಗಿ, ಬೆನ್ನು, ಸೊಂಟ, ತೊಡಿ,
ಕಡೀಕ ಬಾಲಾ, ಸಣ್ಣಗ ಒಮ್ಮೆ.
ಪ್ರೊಡ್ಯೂಸರ್ ಸುದ್ದಾ ಫೋನ್ ಕೆಳಗಿಟ್ಟ.

ಪಿಚ್ಚರ್ ಬಂತು.
ಓಣಿ ಮಂದೀನ್ನ ಕಲಬುರಗಿಗೆ ಕರಕೊಂಡು ಹೋದೆ, ಟಿಕೆಟ್ ನಂದೇ.
ಅದು ನಾನೇ, ಅಂದೆ.
ಹೂಂ ಅಂದ್ರು, ಸಮೋಸಾ ತಿನ್ಲತ್ತಿದ್ರು.
ಹೆಸರಿನ ಪಟ್ಟಿ ಬರೂದ್ರಾಗ ಖುರ್ಚಿ ಖಾಲಿ.
ಪಟ್ಟಿಯೊಳಗ ನಾ 'ಉಸ್ಮಾನ್ ಪಿ.' ಆಗಿದ್ದೆ.
ಲಾಡ್ಲೇಸಾಬ ಒಬ್ಬ ಎದ್ದಿದ್ದಿಲ್ಲ,
ಮೂವತ್ತು ವರ್ಷ ಪಾಯಿಂಟ್ಸ್‌ಮನ್,
ಕತ್ತಲದಾಗ ಕಿವಿ ಕೊಟ್ಟು ಗಾಡಿ ಎಣಿಸಿದಾಂವ.
ಖಾಲಿ ಪರದೀನೇ ನೋಡ್ಕೋತ ಅಂದ:
'ಹುಸೇನ್ಯಾ, ಆ ಭೂತ ಸತ್ತದ್ದು
ನಮ್ಮ ಮೂರನೇ ಲೈನಿನ್ಯಾಗ, ಹೌದಲ್ಲೋ?'

ಈಗ ಸೂಟೂ ಹೋಗ್ಯಾದ.
ಮೈಗಂಟಿದ ಕರೀ ಅಂಗಿ ಮ್ಯಾಲ ಬಿಳಿ ಚುಕ್ಕಿ ಹಚ್ಚಿ
ಹಸಿರು ಪರದಿ ಮುಂದ ನಡಿ ಅಂತಾರ.
ಚುಕ್ಕಿ ಅಷ್ಟೇ ಒಳಗ ಒಯ್ತಾರ, ನನ್ನ ಹೊರಗ ಕೂಡಿಸಿ.
ಹುಲಿಗಿ ಪಟ್ಟಿ ಬರದ ಮುದುಕಪ್ಪ
ಉಗುಳು ಹಚ್ಚಿ ಕುಂಚ ಚೂಪ ಮಾಡ್ತಿದ್ದ,
ಹೊಟ್ಟಿಗಿ ಕಚಗುಳಿ ಇಟ್ಟಂಗ ಆಗ್ತಿತ್ತು.

ರಜಾ ಸಿಕ್ಕಾಗ ವಾಡ್ಯಾಗ ಮಲಗ್ತೀನಿ.
ನಡುರಾತ್ರಿ ಯಾವ್ದರೆ ಗೂಡ್ಸ್ ಬಂದು ನಿಲ್ತದ,
ಧಡ್, ಧಡ್, ದೂರದತನಕ.
ಭಾಗಮ್ಮ ಮೊಳಕೈಲೆ ತಿವೀತಾಳ:
'ಬಾಲಿಲ್ಲದ ಮನಸ್ಯಾ,
ಬಾಲಾ ಯಾಕ ಬಡೀತಿ?
ಸರಕೋ ಅತ್ಲಾಗ.'